ಓದುವ ದಾರಿ ಬೇರೆ, ಬರೆಯುವ ದಾರಿ ಬೇರೆ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಜನರಲ್ಲಿ, ಪಹಣಿಗಾಗಿಯೋ, ಜಾತಿ-ಆದಾಯ ಪ್ರಮಾಣಪತ್ರಕ್ಕಾಗಿಯೋ, ಜಮೀನಿನ ನೋಂದಣಿಗಾಗಿಯೋ, ಪಡಿತರಕ್ಕಾಗಿಯೋ ಸರಕಾರದ ಯಾವುದಾದರೊಂದು ಕಿಟಕಿಯ ಮುಂದೆ ನಿಂತು, 'ಇವತ್ತು ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರವನ್ನು ಒಮ್ಮೆಯಾದರೂ ಕೇಳದವರು ವಿರಳರೆಂದೇ ಹೇಳಬೇಕು. ಈ ಉತ್ತರವನ್ನು ಕೊಡುವವರೂ ಕೇಳುವವರೂ ಅದನ್ನೊಂದು ದೈವಾಧೀನ ಸಂಗತಿಯೆಂಬಂತೆ ಸ್ವೀಕರಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿಬಿಟ್ಟಿದೆ. ಗುಮಾಸ್ತರು ಕೋಪಗೊಳ್ಳುವುದಿಲ್ಲ, ರೈತರು ವಾದಿಸುವುದಿಲ್ಲ, ಉಭಯರೂ ಕಿಟಕಿಯ ಎರಡು ಪಕ್ಕಗಳಲ್ಲಿ ಸಮಾನವಾದ ನಿಸ್ಸಹಾಯಕತೆಯಿಂದ ಒಬ್ಬರ ಮುಖವನ್ನೊಬ್ಬರು ನೋಡಿ ಸುಮ್ಮನಾಗುತ್ತಾರೆ. ಸರ್ವರ್ ಎಂಬುದಾದರೋ ಮನುಷ್ಯರು ಹಣ ತೆತ್ತು ಕೊಂಡು, ತಾವೇ ಬರೆದ ನಿಯಮಗಳಿಗೆ ಅಧೀನವಾಗಿರಿಸಿ ನಡೆಸತಕ್ಕ ಒಂದು ಯಂತ್ರ. ಅದು 'ಇಲ್ಲ'ವಾಗುವುದರ ಹಿಂದೆ ಬಹುತೇಕ ಸಂದರ್ಭಗಳಲ್ಲಿ ಯಾರೋ ಮಾಡಿದ, ಅಥವಾ ಮಾಡದೆಯೇ ಬಿಟ್ಟ, ಒಂದು ನಿರ್ಧಾರವಿರುತ್ತದೆ. ಆ ನಿರ್ಧಾರದ ಸ್ವರೂಪವನ್ನು ತಂತ್ರಜ್ಞರ ಕೊಠಡಿಯಿಂದ ಹೊರಗೆ ತಂದು ಸಾರ್ವಜನಿಕರ ಮುಂದಿಡುವುದು ಅವಶ್ಯವೆಂದು ನನಗೆ ತೋರುತ್ತದೆ. ಏತಕ್ಕೆಂದರೆ ಆ ನಿರ್ಧಾರದ ಫಲವನ್ನು ಉಣ್ಣುವವರು ನಾವೇ.

ನಮ್ಮ ಕರಾವಳಿಯ ತಾಲೂಕುಗಳಲ್ಲಿ ಭೂದಾಖಲೆಗೆ ಇರುವ ಬೆಲೆಯನ್ನು ವಿವರಿಸಬೇಕಾಗಿಲ್ಲ. ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರುತ್ತ ಬಂದ ಈ ಜಿಲ್ಲೆಯ ಕಾಗದಪತ್ರಗಳು ಹಲವು ಆಡಳಿತಗಳ ಮುದ್ರೆಯನ್ನು ಹೊತ್ತಿವೆ. ೧೯೭೪ರ ಭೂಸುಧಾರಣೆಯ ತರುವಾಯ ಗೇಣಿದಾರನು ಒಡೆಯನಾದುದಕ್ಕೆ ಸಾಕ್ಷಿ ಹೇಳುವುದೂ ಅದೇ ಪಹಣಿಯ ಒಂದು ಅಂಕಣವೇ ಆಗಿದೆ. ಇಂತಪ್ಪ ದಾಖಲೆಗಳು ಗ್ರಾಮ ಲೆಕ್ಕಿಗರ ಕಪಾಟಿನಲ್ಲಿದ್ದ ಕಾಲವೊಂದಿತ್ತು. ೨೦೦೦ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ 'ಭೂಮಿ' ಯೋಜನೆಯನ್ನು ಜಾರಿಗೆ ತಂದು, ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಸುಮಾರು ೬೭ ಲಕ್ಷ ಭೂಮಾಲಿಕರಿಗೆ ಸೇರಿದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಿದಾಗ, ಅಲ್ಲಿಯವರೆಗೆ ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಸತ್ಯವು ತಾಲೂಕು ಕಚೇರಿಯ ಕಿಟಕಿಗೆ ಬಂದಿತು. ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತವಾದ ಪಹಣಿ ಕೈಗೆ ಬರುತ್ತಿತ್ತು. ಗುಮಾಸ್ತರ ಪರದೆಯಲ್ಲಿ ಕಾಣುವುದನ್ನು ಅರ್ಜಿದಾರನೂ ಕಾಣಲೆಂದು ಕಿಟಕಿಯತ್ತ ಮುಖಮಾಡಿದ ಎರಡನೆಯ ಪರದೆಯನ್ನು ಇಡಲಾಗಿತ್ತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ಯಂತ್ರವೇ ಪಾಲಿಸುತ್ತಿತ್ತು. ನಮ್ಮ ರಾಜ್ಯದ ಆಡಳಿತ ಇತಿಹಾಸದಲ್ಲಿ ಇದೊಂದು ಗಣ್ಯವಾದ ಸಾಧನೆಯೆಂಬುದು ನಿರ್ವಿವಾದ.

ಆ ಮೊದಲ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಆಗಿನ ೧೭೭ ತಾಲೂಕುಗಳಲ್ಲಿ ಒಂದೊಂದಕ್ಕೂ ಅದರದೇ ಆದ ಸರ್ವರ್ ತಾಲೂಕು ಕೇಂದ್ರದಲ್ಲಿಯೇ ಇರುತ್ತಿತ್ತು. ಆದಕಾರಣ ಕುಮಟಾದ ಯಂತ್ರ ನಿಂತರೆ ಕುಮಟಾದವರಿಗೆ ಮಾತ್ರ ತೊಂದರೆ. ಹೊನ್ನಾವರದವರು ಶರಾವತಿಯ ದಡದಲ್ಲಿ ನಿಶ್ಚಿಂತರಾಗಿ ತಮ್ಮ ಪಹಣಿಯನ್ನು ಪಡೆಯುತ್ತಿದ್ದರು. ಬಳಿಕ ದತ್ತಾಂಶಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಏಕತ್ರಗೊಂಡವು. ಇದರಿಂದ ಲಾಭಗಳುಂಟಾದುದು ಸುಳ್ಳಲ್ಲ: ಯಾವ ಊರಿನಲ್ಲಿ ಕುಳಿತಾದರೂ ಯಾವ ಊರಿನ ಪಹಣಿಯನ್ನಾದರೂ ಪಡೆಯಬಹುದಾಯಿತು, ನೋಂದಣಿ ಇಲಾಖೆಯ 'ಕಾವೇರಿ'ಯು ಕಂದಾಯ ಇಲಾಖೆಯ 'ಭೂಮಿ'ಯೊಡನೆ ನೇರವಾಗಿ ಮಾತನಾಡುವಂತಾಯಿತು. ಆದರೆ ಹಿಂದೆ ಚದುರಿಹೋಗಿದ್ದ ಅಪಾಯವೂ ದತ್ತಾಂಶದ ಜೊತೆಗೆ ಒಂದೇ ಕಡೆ ಬಂದು ಸೇರಿತು. ಈಗ ಬೆಂಗಳೂರಿನಲ್ಲಿ ಒಂದು ಕೊಂಡಿ ಕಳಚಿದರೆ ಬೀದರದಿಂದ ಭಟ್ಕಳದವರೆಗೆ ಎಲ್ಲ ಕಿಟಕಿಗಳೂ ಒಮ್ಮೆಗೇ ಮೌನ ತಾಳಬಹುದು.

ಈ ಕೊಂಡಿ ಯಾವುದು? ಸಾರ್ವಜನಿಕರು ಸರ್ವರ್ ಎಂದೊಡನೆ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳುತ್ತಾರಾದರೂ, ಇಂಥ ದೊಡ್ಡ ವ್ಯವಸ್ಥೆಗಳಲ್ಲಿ ಕನಿಷ್ಠಪಕ್ಷ ಎರಡು ವರ್ಗದ ಯಂತ್ರಗಳಿರುತ್ತವೆ. ಕಿಟಕಿಯ ಗಣಕದಿಂದ ಬಂದ ಬೇಡಿಕೆಯನ್ನು ಸ್ವೀಕರಿಸಿ, ಅರ್ಥಮಾಡಿಕೊಂಡು, ಉತ್ತರವನ್ನು ಸಿದ್ಧಪಡಿಸುವ ಅಪ್ಲಿಕೇಷನ್ ಸರ್ವರ್‌ಗಳು ಒಂದು ವರ್ಗ. ಇವು ಒಂದಲ್ಲ, ಹತ್ತೋ ಹನ್ನೆರಡೋ ಸೇರಿದ ಗುಂಪಾಗಿ ಕೆಲಸಮಾಡುತ್ತವೆ. ದಾಖಲೆಗಳನ್ನು ನಿಜವಾಗಿ ಇರಿಸಿಕೊಂಡಿರುವ ಡೇಟಾಬೇಸ್ ಸರ್ವರ್‌ಗಳು ಇನ್ನೊಂದು ವರ್ಗ; ಇವುಗಳಲ್ಲಿ ಒಂದು ಮುಖ್ಯ ಪ್ರತಿ, ಮತ್ತೊಂದೆರಡು ಅದರ ಜೊತೆಜೊತೆಗೇ ಬರೆದುಕೊಳ್ಳುತ್ತಿರುವ ಉಪಪ್ರತಿಗಳು. ಮೊದಲನೆಯ ವರ್ಗದ ಪ್ರತಿಯೊಂದು ಯಂತ್ರಕ್ಕೂ ಎರಡನೆಯ ವರ್ಗದ ಯಂತ್ರ ಎಲ್ಲಿದೆ, ಅದರ ವಿಳಾಸವೇನು, ಯಾವ ಹೆಸರು ಯಾವ ಗುಪ್ತಪದ ಹೇಳಿ ಒಳಗೆ ಪ್ರವೇಶಿಸಬೇಕು, ಏಕಕಾಲದಲ್ಲಿ ಎಷ್ಟು ಸಂಪರ್ಕಗಳನ್ನು ತೆರೆದಿಟ್ಟುಕೊಳ್ಳಬಹುದು ಎಂಬ ವಿವರಗಳು ಬೇಕು. ಇವನ್ನು ಸಾಮಾನ್ಯವಾಗಿ ಒಂದು ಸಣ್ಣ ಕಡತದಲ್ಲಿ ಬರೆದಿಡುವುದು ಪದ್ಧತಿ. ಹತ್ತು ಸಾಲಿನ ಕಡತ. ಯಂತ್ರವು ಬೆಳಿಗ್ಗೆ ಎದ್ದಾಗ ಅದನ್ನು ಒಂದು ಬಾರಿ ಓದಿಕೊಂಡರೆ, ಮತ್ತೆ ಯಾರಾದರೂ ಅದನ್ನು ಮಲಗಿಸಿ ಎಬ್ಬಿಸುವ ತನಕ ಅದೇ ಅದರ ವೇದವಾಕ್ಯ.

ಇನ್ನು, ಮಧ್ಯಾಹ್ನ ಹನ್ನೆರಡು ಗಂಟೆಗೆ ಮುಖ್ಯ ಡೇಟಾಬೇಸ್ ಕೆಟ್ಟಿತೆಂದು ಇಟ್ಟುಕೊಳ್ಳಿ. ಉಪಪ್ರತಿ ಸಿದ್ಧವಾಗಿದೆ, ಅದರಲ್ಲಿ ದಾಖಲೆಗಳೆಲ್ಲವೂ ಕ್ಷೇಮವಾಗಿವೆ, ಕೆಲವೇ ಕ್ಷಣಗಳಲ್ಲಿ ಅದು ಮುಖ್ಯ ಪ್ರತಿಯ ಸ್ಥಾನವನ್ನು ವಹಿಸಿಕೊಳ್ಳಬಲ್ಲುದು. ಆದರೆ ಹನ್ನೆರಡು ಅಪ್ಲಿಕೇಷನ್ ಸರ್ವರ್‌ಗಳೂ ಬೆಳಿಗ್ಗೆ ಓದಿಕೊಂಡ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತ ನಿಂತಿವೆ. ಆಗ ತಂತ್ರಜ್ಞನೊಬ್ಬನು ಹನ್ನೆರಡೂ ಯಂತ್ರಗಳೊಳಗೆ ಒಂದೊಂದಾಗಿ ಪ್ರವೇಶಿಸಿ, ಕಡತವನ್ನು ತಿದ್ದಿ, ಪ್ರತಿಯೊಂದನ್ನೂ ನಿಲ್ಲಿಸಿ ಪುನಃ ಆರಂಭಿಸಬೇಕು. ಅಷ್ಟರಲ್ಲಿ ಊಟದ ಹೊತ್ತಾಗಿ ಕಿಟಕಿ ಮುಚ್ಚುತ್ತದೆ. ಅವಸರದಲ್ಲಿ ಅವನು ಹನ್ನೊಂದನ್ನು ತಿದ್ದಿ ಒಂದನ್ನು ಮರೆತನೆನ್ನಿ: ಆಗ ಉದ್ಭವಿಸುವ ಸ್ಥಿತಿ ಇನ್ನೂ ವಿಚಿತ್ರ. ಹನ್ನೆರಡು ಬೇಡಿಕೆಗಳಲ್ಲಿ ಹನ್ನೊಂದು ಸರಿಯಾಗಿ ನೆರವೇರಿ ಒಂದು ಮಾತ್ರ ಬಿದ್ದುಹೋಗುತ್ತದೆ, ಅದೂ ಯಾವ ಕ್ರಮವೂ ಇಲ್ಲದೆ. ಕಿಟಕಿಯಲ್ಲಿ ಕುಳಿತ ಅನುಭವಸ್ಥರು 'ಇನ್ನೊಂದ್ಸಲ ಒತ್ತಿ ನೋಡುವ' ಎಂದು ಹೇಳಿ ಮತ್ತೆ ಗುಂಡಿ ಒತ್ತಿದಾಗ ಕೆಲಸವಾಗುವುದನ್ನು ನಾವು ಕಂಡಿದ್ದೇವಲ್ಲವೆ? ಅದನ್ನು ಮೂಢನಂಬಿಕೆಯೆಂದು ನಗುವವರು ಆತುರಪಡಬಾರದು. ಹಲವು ಯಂತ್ರಗಳ ಗುಂಪಿನಲ್ಲಿ ಒಂದರ ಕಡತ ಹಳೆಯದಾಗಿದ್ದರೆ, ಎರಡನೆಯ ಸಲ ಒತ್ತುವುದು ಸಂಭವಶಾಸ್ತ್ರಕ್ಕೆ ಸಮ್ಮತವಾದ ಉಪಾಯವೇ ಸರಿ.

ಈ ಸಂಕಟಕ್ಕೆ ಪರಿಹಾರವು ಬಹುಕಾಲದಿಂದ ಪರಿಚಿತವಾಗಿದೆ. ವಿಳಾಸವನ್ನು ಕಡತದಲ್ಲಿ ಕೊರೆದಿಡದೆ, ಯಾವ ಯಂತ್ರ ಈ ಕ್ಷಣದಲ್ಲಿ ಮುಖ್ಯ, ಯಾವುದು ಉಪ, ಯಾವುದು ಅಸ್ವಸ್ಥ ಎಂಬುದನ್ನು ಸದಾ ಅರಿತಿರುವ ಒಂದು ಸೂಚಿಯನ್ನು ಪ್ರತ್ಯೇಕವಾಗಿ ನಡೆಸಿ, ಅಪ್ಲಿಕೇಷನ್ ಸರ್ವರ್‌ಗಳು ಆ ಸೂಚಿಯನ್ನೇ ಕೇಳಿಕೊಂಡು ಸಂಪರ್ಕ ಬೆಳೆಸುವಂತೆ ಮಾಡುವುದು. ಹೊನ್ನಾವರದ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. ಶರಾವತಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಮಳೆಗಾಲದಿಂದ ಮಳೆಗಾಲಕ್ಕೆ ಸ್ಥಳ ಬದಲಾಯಿಸುತ್ತದೆ. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ದೋಣಿಯ ತಳ ತಾಗುತ್ತದೆ. ಕಾಸರಕೋಡಿನ ಬಂದರಿನಿಂದ ಹೊರಡುವ ತಾಂಡೇಲನು ಹಳೆಯ ನಕ್ಷೆಯನ್ನು ನೆಚ್ಚಿ ಹೊರಡುವುದಿಲ್ಲ. ಆ ಬೆಳಿಗ್ಗೆ ಅಳಿವೆ ದಾಟಿ ಬಂದವರನ್ನು ಕೇಳಿ, ನೀರಿನ ಬಣ್ಣವನ್ನೂ ಅಲೆ ಮುರಿಯುವ ಜಾಗವನ್ನೂ ನೋಡಿ, ಆ ದಿನದ ದಾರಿಯನ್ನು ಆ ದಿನವೇ ಗೊತ್ತುಮಾಡಿಕೊಳ್ಳುತ್ತಾನೆ. ನಮ್ಮ ಸರ್ವರ್‌ಗಳಿಗೆ ಬೇಕಾದದ್ದೂ ಇಷ್ಟೇ ವಿವೇಕ.

ಇದು ಪಾಶ್ಚಾತ್ಯ ಕಂಪನಿಗಳ ವೈಭವವೆಂದೂ ನಮ್ಮ ಸರಕಾರಿ ವ್ಯವಸ್ಥೆಗಳಿಗೆ ನಿಲುಕದ ಫಲವೆಂದೂ ಭಾವಿಸುವವರು, ಈ ಮೂರೂ ಊರುಗಳ ರೈಲು ನಿಲ್ದಾಣಗಳ ಟಿಕೆಟು ಕಿಟಕಿಯನ್ನು ಒಮ್ಮೆ ನೋಡಿಬರಬೇಕು. ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರೆದದ್ದು ೧೯೯೮ರ ಜನವರಿ ೨೬ರಂದು; ಅದರ ಮರುವರ್ಷವೇ, ೧೯೯೯ರಲ್ಲಿ, ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಸಿಕಂದರಾಬಾದು ಎಂಬ ಐದು ಕೇಂದ್ರಗಳಲ್ಲಿ ಬೇರೆಬೇರೆಯಾಗಿದ್ದ ಮುಂಗಡ ಟಿಕೆಟಿನ ಗಣಕಗಳನ್ನು 'ಕಾನ್ಸರ್ಟ್' ಎಂಬ ತಂತ್ರಾಂಶದ ಮೂಲಕ ಒಂದೇ ಜಾಲವಾಗಿ ಹೆಣೆಯುವ ಕಾರ್ಯ ಮುಗಿಯಿತು. ಅದನ್ನು ರೂಪಿಸಿದ್ದು ರೈಲ್ವೆಯ ಸ್ವಂತ ಸಂಸ್ಥೆಯಾದ ಕ್ರಿಸ್. ಐದೂ ಕೇಂದ್ರಗಳು ತಮ್ಮತಮ್ಮ ರೈಲುಗಳ ಆಸನಗಳ ಲೆಕ್ಕವನ್ನು ತಾವೇ ಇಟ್ಟುಕೊಂಡವು. ಆದರೆ ಪ್ರಯಾಣಿಕನು ಯಾವ ರೈಲನ್ನು ಕೇಳಿದನೆಂಬುದನ್ನು ನೋಡಿ, ಆ ಬೇಡಿಕೆ ಯಾವ ಕೇಂದ್ರದ ಯಾವ ಯಂತ್ರಕ್ಕೆ ಹೋಗಬೇಕೆಂದು ನಿರ್ಣಯಿಸಿ, ಒಂದು ಯಂತ್ರ ಬಿದ್ದರೆ ಅದರ ಜೊತೆಗಾರನಿಗೆ ಒಪ್ಪಿಸುವ ಹೊಣೆಯನ್ನು ಮಧ್ಯದಲ್ಲಿದ್ದ 'ರಿಲಯಬಲ್ ಟ್ರಾನ್ಸಾಕ್ಷನ್ ರೌಟರ್' ಎಂಬ ತಂತ್ರಾಂಶವು ಹೊತ್ತುಕೊಂಡಿತ್ತು. ಅಂದಿನಿಂದ ಕುಮಟಾದ ಕಿಟಕಿಯಲ್ಲಿ ನಿಂತು ಹೌರಾದಿಂದ ದೆಹಲಿಗೆ ಟಿಕೆಟು ಕೇಳಿದವನಿಗೆ, ಆ ಆಸನದ ಲೆಕ್ಕ ಕಲ್ಕತ್ತದಲ್ಲಿದೆಯೋ ದೆಹಲಿಯಲ್ಲಿದೆಯೋ ತಿಳಿಯಬೇಕಾಗಿಲ್ಲ. ಕಿಟಕಿಯ ಗಣಕಕ್ಕೂ ತಿಳಿಯಬೇಕಾಗಿಲ್ಲ. ಕಾಲು ಶತಮಾನದ ಹಿಂದೆ, ಇಂದಿನ ಸಾಮಾನ್ಯ ಫೋನಿಗಿಂತಲೂ ದುರ್ಬಲವಾದ ಯಂತ್ರಗಳಿಂದ, ಒಂದು ಸರಕಾರಿ ಸಂಸ್ಥೆ ಸಾಧಿಸಿದ ಕಾರ್ಯವಿದು. ರೈಲ್ವೆಯ ಟಿಕೆಟು ಕಿಟಕಿಗಳ ಮುಂದೆ ಸರದಿಯ ಸಾಲು ಇಲ್ಲವೆಂದು ನಾನು ಹೇಳುತ್ತಿಲ್ಲ, ತತ್ಕಾಲ್ ಹೊತ್ತಿನ ಬವಣೆಯೂ ನನಗೆ ಗೊತ್ತು. ಆದರೆ ತತ್ತ್ವವು ನಮ್ಮಲ್ಲಿಯೇ ಸಿದ್ಧವಾಗಿ, ನಡೆದು, ಪರೀಕ್ಷೆಗೊಳಗಾಗಿರುವಾಗ ಅದನ್ನು ಅಪರಿಚಿತವೆನ್ನುವುದು ಸರಿಯಲ್ಲ.

ಸಂಪರ್ಕಗಳ ಸಂಖ್ಯೆಯ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಇಲ್ಲಿ ಸದುದ್ದೇಶವೇ ಅನರ್ಥಕ್ಕೆ ಕಾರಣವಾಗುವುದುಂಟು. ಡೇಟಾಬೇಸಿನೊಡನೆ ಹೊಸದಾಗಿ ಒಂದು ಸಂಪರ್ಕವನ್ನು ತೆರೆಯುವುದು ದುಬಾರಿಯ ಕೆಲಸ: ಪರಸ್ಪರ ಗುರುತು ಹೇಳಬೇಕು, ಗುಪ್ತಪದ ಪರಿಶೀಲನೆಯಾಗಬೇಕು, ಆ ಸಂಪರ್ಕಕ್ಕಾಗಿ ನೆನಪಿನ ಜಾಗವನ್ನು ಮೀಸಲಿಡಬೇಕು. ಆದ್ದರಿಂದ ಪ್ರತಿಯೊಂದು ಅಪ್ಲಿಕೇಷನ್ ಸರ್ವರ್ ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟುಕೊಂಡು, ಬಂದ ಬೇಡಿಕೆಗಳಿಗೆ ಅವನ್ನೇ ಸರದಿಯಂತೆ ಎರವಲು ಕೊಡುತ್ತದೆ. ಈ ಸಂಗ್ರಹಕ್ಕೆ ಕನೆಕ್ಷನ್ ಪೂಲ್ ಎಂದು ಹೆಸರು. ಡೇಟಾಬೇಸಿಗಾದರೋ ತಾಳುವ ಶಕ್ತಿಗೊಂದು ಮಿತಿಯಿದೆ. ಪೋಸ್ಟ್‌ಗ್ರೆಸ್ ಎಂಬ ಸುಪ್ರಸಿದ್ಧ ಉಚಿತ ಡೇಟಾಬೇಸು, ಯಾರೂ ಬೇರೆ ಹೇಳದಿದ್ದರೆ, ಏಕಕಾಲಕ್ಕೆ ೧೦೦ ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ. ನಮ್ಮ ಕಲ್ಪಿತ ವ್ಯವಸ್ಥೆಯಲ್ಲಿ ಡೇಟಾಬೇಸಿನ ಮಿತಿ ೫೦೦ ಇದೆಯೆನ್ನಿ, ಎಂಟು ಅಪ್ಲಿಕೇಷನ್ ಸರ್ವರ್‌ಗಳು, ಒಂದೊಂದರ ಕಡತದಲ್ಲಿಯೂ ೫೦ ಸಂಪರ್ಕ ಎಂದು ಬರೆದಿದೆ, ಒಟ್ಟು ೪೦೦, ಎಲ್ಲವೂ ಸುಖವಾಗಿದೆ. ಜೂನ್ ತಿಂಗಳು ಬಂತು, ಕಾಲೇಜು ಪ್ರವೇಶಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಕೇಳುವವರೂ, ಅಡಕೆಯ ಬೆಳೆವಿಮೆಗಾಗಿ ಪಹಣಿ ಕೇಳುವವರೂ ಒಟ್ಟಿಗೇ ಬಂದರು. ಮೇಲಧಿಕಾರಿಗಳು ಉದಾರವಾಗಿ 'ಇನ್ನು ನಾಲ್ಕು ಸರ್ವರ್ ಹಾಕಿ' ಎಂದು ಅಪ್ಪಣೆ ಕೊಟ್ಟರು. ಹನ್ನೆರಡನ್ನು ಐವತ್ತರಿಂದ ಗುಣಿಸಿದರೆ ೬೦೦. ಮಿತಿ ಮೀರಿತು, ನೂರು ಸಂಪರ್ಕಗಳು ಬಾಗಿಲಲ್ಲೇ ತಿರಸ್ಕೃತವಾದವು, ಸರ್ವರ್ ಸೇರಿಸಿದ್ದರಿಂದಲೇ ಸೇವೆ ಕುಸಿಯಿತು. ಪತ್ರಿಕೆಗಳಲ್ಲಿ 'ಹೆಚ್ಚುವರಿ ಸರ್ವರ್ ಅಳವಡಿಸಿದರೂ ತಪ್ಪದ ಪರದಾಟ' ಎಂಬ ಧಾಟಿಯ ಶೀರ್ಷಿಕೆಯನ್ನು ಕಂಡಾಗಲೆಲ್ಲ ಈ ಗುಣಾಕಾರದ ಮಗ್ಗಿ ನನಗೆ ನೆನಪಾಗುತ್ತದೆ. ಗುಂಪಿನಲ್ಲಿ ಎಷ್ಟು ಯಂತ್ರಗಳಿವೆಯೆಂಬುದನ್ನು ನೋಡಿ ತನ್ನ ಪಾಲನ್ನು ತಾನೇ ೫೦ರಿಂದ ೪೧ಕ್ಕೆ ಇಳಿಸಿಕೊಳ್ಳುವ ಬುದ್ಧಿಯನ್ನು ಪ್ರತಿಯೊಂದು ಸರ್ವರಿಗೆ ಕಲಿಸಿದ್ದರೆ, ಹನ್ನೆರಡೂ ಸೇರಿ ೪೯೨ರಲ್ಲಿ ನಿಂತು, ಕೆಲಸ ನಡೆಯುತ್ತಿತ್ತು.

ಬೇಡಿಕೆಯ ಪ್ರವಾಹ ಯಾವ ಪರಿಯದೆಂಬುದನ್ನು ೨೦೨೩ರ ಬೇಸಗೆ ಕಳೆದ ದಿನಗಳಲ್ಲಿ ನಾವೆಲ್ಲರೂ ಕಂಡೆವು. ಆ ವರ್ಷದ ಜೂನ್ ೧೮ರಂದು ಗೃಹಜ್ಯೋತಿಯ, ಜುಲೈ ೧೯ರಂದು ಗೃಹಲಕ್ಷ್ಮಿಯ ನೋಂದಣಿ ಆರಂಭವಾದಾಗ ರಾಜ್ಯದ ಉದ್ದಗಲಕ್ಕೂ ಕೇಂದ್ರಗಳ ಮುಂದೆ ಸಾಲುಗಳು ಬೆಳೆದವು. ಗೃಹಲಕ್ಷ್ಮಿಗೆ ದಿನ, ವೇಳೆ, ಸ್ಥಳಗಳನ್ನು ಫೋನಿನ ಸಂದೇಶದಿಂದ ತಿಳಿಸುವ ಕ್ರಮವನ್ನು ಸರಕಾರ ಕೈಗೊಂಡದ್ದೂ, ಗ್ಯಾರಂಟಿ ಯೋಜನೆಗಳಿಗೆಂದೇ ಸೇವಾಸಿಂಧುವಿನ ಬೇರೆಯ ತಾಣವನ್ನು ತೆರೆದದ್ದೂ ಯುಕ್ತವಾದ ಕಾರ್ಯಗಳೇ. ಒಂದು ಸೇವೆಯ ನೂಕುನುಗ್ಗಲು ಮತ್ತೊಂದನ್ನು ಮುಳುಗಿಸಬಾರದೆಂಬ ತತ್ತ್ವಕ್ಕೆ ಅವು ಒಪ್ಪಿಗೆಯ ಮುದ್ರೆ. ಇನ್ನು ೨೦೨೫ರ ಆರಂಭದಲ್ಲಿ 'ಕಾವೇರಿ ೨.೦'ರ ಮೇಲೆ ದುರುದ್ದೇಶದಿಂದ ನಡೆದ ದಾಳಿಯಲ್ಲಿ, ನಕಲಿ ಖಾತೆಗಳ ಮೂಲಕ ಕೃತಕವಾದ ಬೇಡಿಕೆಗಳನ್ನು ರಾಶಿರಾಶಿಯಾಗಿ ಸುರಿದದ್ದರಿಂದ ರಾಜ್ಯಾದ್ಯಂತ ನೋಂದಣಿ ಕುಂಠಿತವಾಗಿ, ವಿಷಯ ಪೋಲೀಸರವರೆಗೆ ಹೋಯಿತು. ದುಷ್ಟರನ್ನು ಹಿಡಿಯುವುದು ಪೋಲೀಸರ ಕೆಲಸ. ಆದರೆ ಯಾರೋ ದಾಖಲೆಗಳ ಹುಡುಕಾಟದ ಬಾಗಿಲಲ್ಲಿ ಗದ್ದಲವೆಬ್ಬಿಸಿದರೆ ನೋಂದಣಿಯ ಬಾಗಿಲೂ ಮುಚ್ಚಿಹೋಗಬೇಕೆ ಎಂಬ ಪ್ರಶ್ನೆ ರಚನಾಕಾರರಿಗೆ ಸೇರಿದ್ದು.

ಇಲ್ಲಿಯವರೆಗೆ ಓದಿದವರು, ಎಲ್ಲ ಸಂಪರ್ಕಗಳನ್ನೂ ಸ್ವಯಂಚಾಲಿತವಾಗಿ, ಕ್ಷಣಾರ್ಧದಲ್ಲಿ ಬದಲಾಗುವಂತೆ ಮಾಡಿಬಿಟ್ಟರೆ ಸಮಸ್ಯೆ ಮುಗಿಯಿತೆಂದು ನಾನು ಹೇಳಹೊರಟಿರುವೆನೆಂದು ಊಹಿಸಿರಬಹುದು. ನನ್ನ ಅಭಿಪ್ರಾಯ ಅದಲ್ಲ. ಶೀಘ್ರತೆಯು ಎಲ್ಲ ಕಡೆಯೂ ಗುಣವಲ್ಲವೆಂಬುದಕ್ಕೆ ಒಂದು ಪ್ರಖ್ಯಾತ ನಿದರ್ಶನವಿದೆ. ಜಗತ್ತಿನ ತಂತ್ರಾಂಶಕಾರರು ತಮ್ಮ ಬರಹಗಳನ್ನು ಇರಿಸುವ ಗಿಟ್‌ಹಬ್ ಎಂಬ ಅಮೆರಿಕದ ಸಂಸ್ಥೆಯಲ್ಲಿ, ೨೦೧೮ರ ಅಕ್ಟೋಬರ್ ೨೧ರಂದು, ಕೆಡುತ್ತಿದ್ದ ಒಂದು ಉಪಕರಣವನ್ನು ಬದಲಿಸುವಾಗ ಪೂರ್ವತೀರದ ಎರಡು ಕೇಂದ್ರಗಳ ನಡುವಿನ ಸಂಪರ್ಕ ಕೇವಲ ೪೩ ಸೆಕೆಂಡುಗಳ ಕಾಲ ಕಡಿದುಹೋಯಿತು. ಅಷ್ಟರಲ್ಲಿಯೇ ಅವರ ಸ್ವಯಂಚಾಲಿತ ವ್ಯವಸ್ಥೆಯು ಮುಖ್ಯ ಡೇಟಾಬೇಸು ಹೋಯಿತೆಂದು ತೀರ್ಮಾನಿಸಿ, ಪಶ್ಚಿಮತೀರದ ಪ್ರತಿಗೆ ಪಟ್ಟ ಕಟ್ಟಿಬಿಟ್ಟಿತು. ಕಡಿದ ಸಂಪರ್ಕ ಕೂಡಿಕೊಂಡಾಗ ನೋಡುತ್ತಾರೆ: ಪೂರ್ವದಲ್ಲಿ ಬರೆದ ಕೆಲವು ಸಂಗತಿಗಳು ಪಶ್ಚಿಮದಲ್ಲಿಲ್ಲ, ಪಶ್ಚಿಮದಲ್ಲಿ ಆಮೇಲೆ ಬರೆದವು ಪೂರ್ವದಲ್ಲಿಲ್ಲ. ೪೩ ಸೆಕೆಂಡಿನ ಆ ವಿಚ್ಛೇದವನ್ನು ಸರಿಪಡಿಸಿ ಸೇವೆಯನ್ನು ಯಥಾಸ್ಥಿತಿಗೆ ತರಲು ೨೪ ಗಂಟೆ ೧೧ ನಿಮಿಷ ಬೇಕಾಯಿತು.

ಅವರದು ತಂತ್ರಾಂಶದ ಬರಹ, ನಮ್ಮದು ಭೂಮಿ. ಹೊನ್ನಾವರ ತಾಲೂಕಿನ ಯಾವುದೋ ಒಂದು ಸರ್ವೆ ನಂಬರಿನ ಹಕ್ಕು, ಒಂದು ಡೇಟಾಬೇಸಿನಲ್ಲಿ ಅಣ್ಣನ ಹೆಸರಿಗೂ ಮತ್ತೊಂದರಲ್ಲಿ ಕೊಂಡವನ ಹೆಸರಿಗೂ ಅದೇ ಮಧ್ಯಾಹ್ನ ದಾಖಲಾಯಿತೆಂದರೆ, ಅದನ್ನು ಸರಿಪಡಿಸಲು ಇಪ್ಪತ್ತನಾಲ್ಕು ಗಂಟೆ ಸಾಲದು; ಸಿವಿಲ್ ನ್ಯಾಯಾಲಯದಲ್ಲಿ ಇಪ್ಪತ್ತನಾಲ್ಕು ವರ್ಷವೂ ಸಾಲದೆ ಹೋದೀತು. ಎರಡು ಯಂತ್ರಗಳು ತಾವೇ ಮುಖ್ಯರೆಂದು ಏಕಕಾಲದಲ್ಲಿ ನಂಬುವ ಈ ಸ್ಥಿತಿಯನ್ನು ತಪ್ಪಿಸಲು, ಕನಿಷ್ಠ ಮೂರು ಸಾಕ್ಷಿಗಳನ್ನಿಟ್ಟು ಅವುಗಳಲ್ಲಿ ಬಹುಮತ ಒಪ್ಪಿದ ಹೊರತು ಯಾರಿಗೂ ಪಟ್ಟವಿಲ್ಲವೆಂಬ ನಿಯಮವನ್ನು ಗಣಕಶಾಸ್ತ್ರಜ್ಞರು ರೂಪಿಸಿದ್ದಾರೆ. ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು ಇದನ್ನು ೧೯೯೮ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪದ ಕಲ್ಪಿತ ಶಾಸನಸಭೆಯ ಕಥೆಯ ರೂಪದಲ್ಲಿ ಬರೆದರು; ಸಭೆಗೆ ಆಗಾಗ ಬಾರದೆ ಉಳಿಯುವ ಸದಸ್ಯರನ್ನಿಟ್ಟುಕೊಂಡೂ ಒಂದೇ ನಿರ್ಣಯಕ್ಕೆ ಬರುವುದು ಹೇಗೆಂಬುದು ಅದರ ವಿಷಯ. ನಮ್ಮ ಶಾಸನಸಭೆಗಳ ವರದಿಯನ್ನು ಓದುವವರಿಗೆ ಆ ದ್ವೀಪ ತೀರ ಅಪರಿಚಿತವೆನಿಸದು.

ಆದಕಾರಣ ನನ್ನ ಸೂಚನೆ ಇಷ್ಟೇ: ಓದುವ ಸಂಪರ್ಕವನ್ನೂ ಬರೆಯುವ ಸಂಪರ್ಕವನ್ನೂ ಬೇರ್ಪಡಿಸತಕ್ಕದ್ದು, ಮತ್ತು ಅವೆರಡಕ್ಕೂ ಭಿನ್ನವಾದ ಧರ್ಮವನ್ನು ವಿಧಿಸತಕ್ಕದ್ದು. ಪಹಣಿಯ ನಕಲು ಬೇಕೆನ್ನುವವನು, ಋಣಭಾರ ಪ್ರಮಾಣಪತ್ರ ಬೇಕೆನ್ನುವವನು, ಹಿಂದೆ ಪಡೆದ ಜಾತಿ ಪ್ರಮಾಣಪತ್ರದ ಇನ್ನೊಂದು ಪ್ರತಿ ಬೇಕೆನ್ನುವವನು ದಾಖಲೆಯಲ್ಲಿ ಏನನ್ನೂ ಬದಲಿಸುವುದಿಲ್ಲ; ಇವರ ಬೇಡಿಕೆಯನ್ನು ಯಾವ ಉಪಪ್ರತಿ ಬಿಡುವಾಗಿದೆಯೋ, ಯಾವುದು ಆರೋಗ್ಯವಾಗಿದೆಯೋ ಅದರತ್ತ ನಿಸ್ಸಂಕೋಚವಾಗಿ ತಿರುಗಿಸಬಹುದು. ಒಂದು ಉಪಪ್ರತಿ ಹತ್ತು ನಿಮಿಷ ಹಿಂದುಳಿದಿದ್ದರೂ, 'ಈ ನಕಲು ಇಷ್ಟು ಗಂಟೆಯವರೆಗಿನ ಸ್ಥಿತಿಯನ್ನು ತೋರಿಸುತ್ತದೆ' ಎಂದು ಕೆಳಗೆ ಮುದ್ರಿಸಿಬಿಟ್ಟರೆ ಸಹಕಾರಿ ಸಂಘದ ಕಾರ್ಯದರ್ಶಿ ಬೆಳೆಸಾಲದ ಅರ್ಜಿಗೆ ಅದನ್ನು ಬೇಡವೆನ್ನಲಾರರು. ಹಕ್ಕು ಬದಲಾವಣೆಯೋ ಕ್ರಯಪತ್ರದ ನೋಂದಣಿಯೋ ಆದರೆ ವಿಷಯ ಬೇರೆ: ಅದು ಏಕೈಕ ಮುಖ್ಯ ಪ್ರತಿಗೇ ಹೋಗಬೇಕು, ಆ ಮುಖ್ಯ ಪ್ರತಿ ಯಾವುದೆಂಬುದರಲ್ಲಿ ಲೇಶಮಾತ್ರ ಸಂಶಯವಿದ್ದರೂ ಬರವಣಿಗೆ ನಿಲ್ಲಬೇಕು. ಅಂಥ ನಿಲುಗಡೆಯನ್ನು ಆಡಳಿತದ ವೈಫಲ್ಯವೆಂದು ಹಳಿಯದೆ, ಪ್ರಾಮಾಣಿಕತೆಯೆಂದು ಒಪ್ಪಿಕೊಳ್ಳುವ ತಾಳ್ಮೆ ನಮಗೂ ಇರಬೇಕಾದೀತು. ಇಂದು ಕಿಟಕಿಯಲ್ಲಿ ನಾವು ಕೇಳುವ 'ಸರ್ವರ್ ಇಲ್ಲ' ಎಂಬ ಉತ್ತರವು ಈ ಎರಡನ್ನೂ ಒಂದೇ ಮಾತಿನಲ್ಲಿ ಮುಚ್ಚಿಹಾಕುತ್ತದೆ. ನಿಲ್ಲಬೇಕಾದ ಕೆಲಸದ ಜೊತೆಗೆ ನಿಲ್ಲಬೇಕಾಗಿಲ್ಲದ ಕೆಲಸವೂ ನಿಂತುಹೋಗುವುದೇ ನನ್ನ ಮುಖ್ಯ ಆಕ್ಷೇಪಣೆ.

ಭಟ್ಕಳದ ಉದಾಹರಣೆಯನ್ನು ತೆಗೆದುಕೊಳ್ಳಿ. ಆ ಊರಿನ ಎಷ್ಟೋ ಮನೆಗಳ ದುಡಿಯುವ ಜನ ದುಬೈಯಲ್ಲಿಯೋ ಸೌದಿಯಲ್ಲಿಯೋ ಇದ್ದು, ವರ್ಷಕ್ಕೊಮ್ಮೆ ಎರಡೋ ಮೂರೋ ವಾರಗಳ ರಜೆಯಲ್ಲಿ ಬರುತ್ತಾರೆ. ಮನೆಯ ಪಾಲುಪಟ್ಟಿ, ಜಾಗದ ಕ್ರಯ, ತಂದೆಯ ಕಾಲಾನಂತರದ ಖಾತೆ ಬದಲಾವಣೆ ಎಲ್ಲವೂ ಆ ದಿನಗಳಲ್ಲಿಯೇ ಮುಗಿಯಬೇಕು. ೨೦೨೩ರಲ್ಲಿ ಬಂದ ಕಾವೇರಿ ೨.೦ರಿಂದ ಮುಂಚಿತವಾಗಿ ಕಾಗದಪತ್ರ ಸಲ್ಲಿಸಿ ದಿನ ಗೊತ್ತುಮಾಡಿಕೊಳ್ಳುವ ಸೌಕರ್ಯ ದೊರೆತದ್ದು ಇವರಿಗೆ ನಿಜವಾದ ಉಪಕಾರ. ಆದರೆ ಗೊತ್ತಾದ ದಿನದಂದು ಕೊಂಡಿ ಕಳಚಿದರೆ, ವಿಮಾನದ ಟಿಕೆಟು ನಾಳೆಯೆಂಬುದನ್ನು ಯಾವ ಡೇಟಾಬೇಸೂ ಅರಿಯದು. ಅಂಥವರಿಗೆ ಬೇಕಾದದ್ದು ಮೊದಲನೆಯದಾಗಿ ನಿಖರವಾದ ಸಮಾಚಾರ: ನಿಂತಿರುವುದು ಯಾವುದು, ಕಿಟಕಿಯಿಂದ ಹೊರಹೋಗುವ ತಂತಿಯೇ, ಬೆಂಗಳೂರಿನ ಅಪ್ಲಿಕೇಷನ್ನೇ, ಡೇಟಾಬೇಸೇ, ಆಧಾರ್ ಪರಿಶೀಲನೆಯೇ? ಗಂಟೆಯ ಕೆಲಸವೋ ದಿನದ ಕೆಲಸವೋ? ತನ್ನ ಸಂಪರ್ಕಗಳ ಯೋಗ್ಯತೆಯನ್ನು ತಾನೇ ಅಳೆದುಕೊಳ್ಳುವ ವ್ಯವಸ್ಥೆಗೆ ಇದೆಲ್ಲವೂ ಪ್ರತಿಕ್ಷಣ ಗೊತ್ತಿರುತ್ತದೆ. 'ಭೂಮಿ'ಯ ಆರಂಭಕಾಲದಲ್ಲಿ ಜನರತ್ತ ತಿರುಗಿಸಿಟ್ಟಿದ್ದ ಆ ಎರಡನೆಯ ಪರದೆಯ ಮೇಲೆ ಇದನ್ನು ಕನ್ನಡದಲ್ಲಿ ಎರಡು ಸಾಲು ಬರೆದು ತೋರಿಸುವುದಕ್ಕೆ ವಿಶೇಷವಾದ ಖರ್ಚೇನೂ ಇಲ್ಲ. ಗುಮಾಸ್ತರೂ ದಿನವಿಡೀ ಬೈಸಿಕೊಳ್ಳುವುದು ತಪ್ಪೀತು.

ಇಲಾಖೆಗಳು ಪರಸ್ಪರ ಕೈಹಿಡಿದುಕೊಂಡಿರುವುದರಿಂದ ಬರುವ ತೊಡಕೊಂದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಒಂದು ಕ್ರಯಪತ್ರಕ್ಕೆ ಕಾವೇರಿ, ಭೂಮಿ, ಇ-ಸ್ವತ್ತು, ಆಧಾರ್, ಹಣಪಾವತಿ ಎಂಬ ಐದು ವ್ಯವಸ್ಥೆಗಳು ಏಕಕಾಲದಲ್ಲಿ ಎಚ್ಚರವಾಗಿರಬೇಕೆಂದೂ, ಒಂದೊಂದೂ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊತ್ತು ಎಚ್ಚರವಾಗಿರುತ್ತದೆಂದೂ ಇಟ್ಟುಕೊಂಡರೆ, ಐದೂ ಒಟ್ಟಿಗೆ ಎಚ್ಚರವಾಗಿರುವ ಹೊತ್ತು ತೊಂಬತ್ತೈದು ಪಾಲು ಮಾತ್ರ. ತಿಂಗಳಿಗೆ ಇನ್ನೂರು ಗಂಟೆ ಕಿಟಕಿ ತೆರೆದಿದ್ದರೆ ಸುಮಾರು ಹತ್ತು ಗಂಟೆ ಎಲ್ಲರೂ ನಿರ್ದೋಷಿಗಳು, ಕೆಲಸ ಮಾತ್ರ ಆಗದು. ಇದನ್ನು ತಪ್ಪಿಸಲೆಂದು ಜೋಡಿ ಯಂತ್ರಗಳನ್ನಿಟ್ಟರೂ ಒಂದೇ ಕಟ್ಟಡದಲ್ಲಿಟ್ಟರೆ, ಜೋಡಿ ತಂತಿಗಳನ್ನೆಳೆದರೂ ಒಂದೇ ಕಾಲುವೆಯಲ್ಲಿ ಹೂಳಿದರೆ ಆ ಜೋಡಿಗೆ ಅರ್ಥವಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ ಬಹುದಿನ ಮುಚ್ಚಿದುದನ್ನು ಕಂಡ ನಮ್ಮ ಜಿಲ್ಲೆಗೆ, ಪರ್ಯಾಯ ಮಾರ್ಗವೆಂದರೆ ಬೇರೆ ಗುಡ್ಡದ ಮೇಲಿನ ಮಾರ್ಗವೆಂಬುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಕಾಗದದ ಮೇಲೆ ಇವೆಲ್ಲ ಈಗಾಗಲೇ ಇವೆಯೆಂದು ಅಧಿಕಾರಿಗಳು ಹೇಳಬಹುದು. ಟೆಂಡರಿನ ಷರತ್ತುಗಳಲ್ಲಿ ಉಪಪ್ರತಿ, ವಿಪತ್ತು ನಿರ್ವಹಣೆ, ನಿರಂತರ ಸೇವೆ ಮೊದಲಾದ ಪದಗಳಿಗೆ ಬರವಿಲ್ಲ. ಆದರೆ ಪರೀಕ್ಷಿಸದ ಉಪಪ್ರತಿಯು ಇದ್ದೂ ಇಲ್ಲದಂತೆ. ನೆಟ್‌ಫ್ಲಿಕ್ಸ್ ಎಂಬ ಚಲನಚಿತ್ರ ಸಂಸ್ಥೆಯು 'ಕೆಯಾಸ್ ಮಂಕಿ' ಎಂಬ ತಂತ್ರಾಂಶವನ್ನು ಸಾಕಿಕೊಂಡು, ಕೆಲಸದ ವೇಳೆಯಲ್ಲಿಯೇ ತನ್ನ ಸರ್ವರ್‌ಗಳನ್ನು ಅದರಿಂದ ಯದೃಚ್ಛೆಯಾಗಿ ಕೆಡಿಸಿ, ಉಳಿದವು ಹೇಗೆ ನಿಭಾಯಿಸುತ್ತವೆಂದು ನೋಡುವ ಪದ್ಧತಿಯನ್ನಿಟ್ಟುಕೊಂಡಿತು. ಅಡಕೆ ತೋಟಗಳಲ್ಲಿ ಮಂಗಗಳ ಹಾವಳಿಗೆ ಸಿಕ್ಕಿ ಸೋತಿರುವ ಹೊನ್ನಾವರ ಕುಮಟಾದವರಿಗೆ, ಮಂಗವನ್ನು ಸಂಬಳ ಕೊಟ್ಟು ಸಾಕುವ ಈ ವಿಚಾರ ಹುಚ್ಚೆನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಸರಕಾರ ಅಷ್ಟು ದೂರ ಹೋಗಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ, ರಜೆಯ ಎರಡನೆಯ ಶನಿವಾರದಂದು, ಮುಖ್ಯ ಡೇಟಾಬೇಸನ್ನು ಬುದ್ಧಿಪೂರ್ವಕವಾಗಿ ನಿಲ್ಲಿಸಿ, ಭಟ್ಕಳದ ಒಂದು ಕಿಟಕಿಯಲ್ಲಿ ಪಹಣಿ ಎಷ್ಟು ನಿಮಿಷಗಳ ಬಳಿಕ ಮುದ್ರಿತವಾಯಿತು, ಹಕ್ಕು ಬದಲಾವಣೆ ಎಷ್ಟು ನಿಮಿಷಗಳ ಬಳಿಕ ಸಾಧ್ಯವಾಯಿತು ಎಂಬೆರಡು ಸಂಖ್ಯೆಗಳನ್ನು ಅಳೆದು ಪ್ರಕಟಿಸಲಿ. ಗುತ್ತಿಗೆದಾರನ ಹಣಪಾವತಿಯನ್ನು ಆ ಎರಡು ಸಂಖ್ಯೆಗಳಿಗೆ ಕಟ್ಟಿಹಾಕಲಿ. ಎಷ್ಟು ಸರ್ವರ್ ಕೊಂಡೆವೆಂಬ ಲೆಕ್ಕದ ಮೇಲೆ ಹಣ ಕೊಡುವ ಪದ್ಧತಿಯಿರುವ ತನಕ ಸರ್ವರ್‌ಗಳೇ ಹೆಚ್ಚುತ್ತವೆ; ಅದರ ಗುಣಾಕಾರವನ್ನು ಮೇಲೆ ನೋಡಿದೆವು.

ಇಷ್ಟಾದರೂ ಬರೆಯುವ ಕೆಲಸ ಆಗೊಮ್ಮೆ ಈಗೊಮ್ಮೆ ನಿಂತೇ ನಿಲ್ಲುತ್ತದೆ, ನಿಲ್ಲಬೇಕೆಂದೇ ನಾನು ವಾದಿಸಿದ್ದೇನೆ. ಹಾಗೆ ನಿಂತ ದಿನ, ಗೇರುಸೊಪ್ಪೆಯ ಕಡೆಯಿಂದ ಬಸ್ಸು ಹಿಡಿದು ಹೊನ್ನಾವರಕ್ಕೆ ಬಂದವರು ಬರಿಗೈಯಲ್ಲಿ ಮರಳಬಾರದು. ಅರ್ಜಿಯ ಮೇಲೆ ಬಂದ ದಿನಾಂಕ ಮತ್ತು ವೇಳೆಯನ್ನು ಬರೆದು, ಮುದ್ರೆಯೊತ್ತಿ, ಸ್ವೀಕೃತಿಯನ್ನು ಕೈಗೆ ಕೊಡುವ ಅಧಿಕಾರ ಕಿಟಕಿಯ ಸಿಬ್ಬಂದಿಗೆ ಇರಲಿ. ಸಂಪರ್ಕ ಮರಳಿದಾಗ ಆ ಅರ್ಜಿಯು ಅದೇ ದಿನಾಂಕದ, ಅದೇ ವೇಳೆಯ ಸರದಿಯಲ್ಲಿ ಕೂಡುವಂತೆ ತಂತ್ರಾಂಶದಲ್ಲಿ ಏರ್ಪಾಡಾಗಲಿ. ಕೊನೆಯ ದಿನಾಂಕವಿರುವ ಬೆಳೆವಿಮೆಯಂಥ ಯೋಜನೆಗಳಲ್ಲಿ ಆ ಸ್ವೀಕೃತಿಯನ್ನೇ ಸಕಾಲದ ಅರ್ಜಿಯೆಂದು ಪರಿಗಣಿಸುವಂತೆ ಕಂದಾಯ ಇಲಾಖೆಯೂ ತೋಟಗಾರಿಕೆ ಇಲಾಖೆಯೂ ಕೂಡಿ ಒಂದು ಸುತ್ತೋಲೆಯನ್ನು, ಮುಂದಿನ ಜೂನ್ ಬರುವುದರೊಳಗೆ, ಹೊರಡಿಸಲಿ.